ಹಾಡಿನ ಕಣಜಕ್ಕೊಬ್ಬ ಕಾರಕೂನ

ಮನೆಯಲ್ಲಿ ಸಾಮಾನು ಹೆಚ್ಚಾದಾಗ ಅದನ್ನು ಎಲ್ಲಿಯಾದರೂ ತುರುಕಿಡುವುದು ಕಷ್ಟವಲ್ಲ. ಬೇಕಾದ ಹೊತ್ತಿಗೆ ಹುಡುಕಿ ತೆಗೆಯುವುದೇ ಕಷ್ಟ. ಈ ಮಾತು ಪಾತ್ರೆ ಪಡಗಗಳಿಗೆ ಹೇಗೋ ಹಾಡುಗಳಿಗೂ ಹಾಗೆಯೇ ಸಲ್ಲುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಹಾಡಿನ ಸಂಗ್ರಹವೆಂದರೆ ಕಪಾಟಿನ ಒಂದು ಅರೆ. ಅರವತ್ತೋ ಎಪ್ಪತ್ತೋ ಕ್ಯಾಸೆಟ್ಟುಗಳು. ಪ್ರತಿಯೊಂದರ ಬೆನ್ನ ಮೇಲೂ ಅವರ ದುಂಡನೆಯ ಅಕ್ಷರ. ದೀಪ ಹಚ್ಚದೆ ಕೈ ಹಾಕಿದರೂ ಭೀಮಸೇನ ಜೋಶಿಯವರ ದಾಸವಾಣಿ ಕೈಗೆ ಬರುತ್ತಿತ್ತು. ಇಂದು ಅದೇ ಮನೆಯಲ್ಲಿ, ಬೆರಳುದ್ದದ ಪೆನ್‌ಡ್ರೈವ್ ಒಂದರಲ್ಲಿ ಆರು ಸಾವಿರ ಹಾಡುಗಳಿವೆ. ಬೇಕೆಂದ ಹಾಡು ಮಾತ್ರ ಬೇಕೆಂದಾಗ ಸಿಕ್ಕುವುದಿಲ್ಲ.

ಈ ತಾಪತ್ರಯವನ್ನು ಕಳೆಯುವುದಕ್ಕೆಂದೇ ಸಂಗೀತ ಸಂಗ್ರಹದ ಸಾಫ್ಟ್‌ವೇರುಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಯಾವುದು ಒಳ್ಳೆಯದು, ಯಾವುದನ್ನು ಹಾಕಿಕೊಳ್ಳಬೇಕು ಎಂದು ನಮ್ಮ ಸಂಘದ ಸದಸ್ಯರು ಆಗಾಗ ಕೇಳುವುದುಂಟು. ನಾವು ಕಂಪ್ಯೂಟರು ಶಾಸ್ತ್ರ ಓದಿದವರಲ್ಲ. ದಿನವೆಲ್ಲ ಸರಕಾರಿ ಕಚೇರಿಯಲ್ಲಿ ಆವಕ-ಜಾವಕ ದಫ್ತರು ಬರೆಯುವ ಕಾರಕೂನರು. ಆದರೆ ಈ ಸಾಫ್ಟ್‌ವೇರುಗಳು ಮಾಡುವ ಕೆಲಸವೂ ಕಾರಕೂನಿಕೆಯೇ ಆದುದರಿಂದ, ಅವುಗಳ ಗುಣದೋಷಗಳ ಬಗ್ಗೆ ನಾಲ್ಕು ಮಾತು ಹೇಳುವ ಅಧಿಕಾರ ನಮಗೂ ಉಂಟೆಂದು ಭಾವಿಸಿದ್ದೇವೆ. ಅಲ್ಲದೆ, ಇಂಥ ಒಬ್ಬ ಕಾರಕೂನನನ್ನು ಕಣ್ಣು ಮುಚ್ಚಿ ನಂಬಿ ನಾವೊಂದು ಪೆಟ್ಟನ್ನೂ ತಿಂದಿದ್ದೇವೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಹೆಸರು ಎಲ್ಲಿ ಬರೆದಿರುತ್ತದೆ?

ಮೊದಲು ಒಂದು ಮೂಲ ವಿಷಯ ತಿಳಿದಿರಬೇಕು. ಸಿ.ಡಿ.ಯಲ್ಲಿರುವ ಸಂಗೀತವನ್ನು ಇದ್ದಂತೆಯೇ ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟು ಜಾಗ ಬೇಕು. ಎಂಪಿ3 ಎಂಬ ರೂಪ ಅದನ್ನು ಸುಮಾರು 1 ಮೆಗಾಬೈಟಿಗೆ ಇಳಿಸಿತು. ಹಾಡುಗಳು ರಾಶಿ ರಾಶಿಯಾಗಿ ಮನೆ ಸೇರಿದ್ದು ಆಮೇಲೆ. ಆದರೆ ಈ ಫೈಲಿನೊಳಗೆ ಹಾಡು ಯಾವುದು, ಹಾಡಿದವರು ಯಾರು ಎಂದು ಬರೆಯುವುದಕ್ಕೆ ಮೊದಲು ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಬಾಲಕ್ಕೆ 128 ಬೈಟುಗಳ ಒಂದು ಚೀಟಿಯನ್ನು ಅಂಟಿಸುವ ಉಪಾಯ ಕಂಡುಹಿಡಿದರು. ಅದಕ್ಕೆ ಐಡಿ3 ಎಂದು ಹೆಸರು. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30, ಆಲ್ಬಮ್ಮಿಗೆ 30, ಷರಾಕ್ಕೆ 30, ವರ್ಷಕ್ಕೆ 4, ಸಂಗೀತದ ಜಾತಿಗೆ ಒಂದೇ ಒಂದು ಬೈಟು. ಈ ಜಾತಿಗಳ ಮೊದಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಬ್ಲೂಸ್ ಇತ್ತು, ಡಿಸ್ಕೊ ಇತ್ತು, ಪೋಲ್ಕಾ ಕೂಡ ಇತ್ತು. ಹಿಂದುಸ್ತಾನಿಯೂ ಇರಲಿಲ್ಲ, ಕರ್ನಾಟಕ ಸಂಗೀತವೂ ಇರಲಿಲ್ಲ. 1998ರಲ್ಲಿ ಐಡಿ3ಯ ಎರಡನೆಯ ಆವೃತ್ತಿ ಬಂದ ಮೇಲೆ ಚೀಟಿ ದೊಡ್ಡದಾಯಿತು, ಯೂನಿಕೋಡಿಗೆ ಎಡೆ ದೊರೆಯಿತು. ಆಗ ಕನ್ನಡದಲ್ಲಿಯೂ ಹೆಸರು ಬರೆಯುವಂತಾಯಿತು.

ಈಗ ಹಾಡಿನ ವಿವರ ಇರಬಹುದಾದ ಸ್ಥಳಗಳು ಮೂರು. ಒಂದು, ಫೈಲಿನೊಳಗಿನ ಈ ಚೀಟಿ. ಇದನ್ನು ಟ್ಯಾಗು ಎನ್ನುತ್ತಾರೆ. ನಾವು ಒಳಚೀಟಿ ಎನ್ನೋಣ. ಎರಡು, ಫೈಲಿನ ಮತ್ತು ಫೋಲ್ಡರಿನ ಹೊರಗಣ ಹೆಸರು. ಮೂರು, ಸಾಫ್ಟ್‌ವೇರು ತನ್ನ ಬಳಿ ಇಟ್ಟುಕೊಳ್ಳುವ ಸ್ವಂತ ದಫ್ತರು. ಯಾವ ಸಾಫ್ಟ್‌ವೇರು ಯಾವ ಸ್ಥಳದಲ್ಲಿ ಬರೆಯುತ್ತದೆ ಎಂಬುದರಲ್ಲಿಯೇ ಅದರ ಗುಣವೂ ಇದೆ, ದೋಷವೂ ಇದೆ. ಬಣ್ಣ, ಚಿತ್ರ, ಅಲಂಕಾರಗಳೆಲ್ಲ ಅನಂತರದವು.

ಉಪಕಾರಗಳು

ಮೊದಲು ಉಪಕಾರ ಸ್ಮರಣೆ ಮಾಡೋಣ. ಒಳಚೀಟಿಗಳು ಸರಿಯಾಗಿದ್ದರೆ ಈ ಕಾರಕೂನನಂಥ ಚುರುಕಿನವನು ಇನ್ನೊಬ್ಬನಿಲ್ಲ. "ಬೇಂದ್ರೆ" ಎಂದು ಬರೆದರೆ ಬೇಂದ್ರೆಯವರ ಗೀತೆಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಒಂದೇ ಹಾಡು ಮೂರು ಕಡೆ ಸೇರಿಕೊಂಡಿದ್ದರೆ ತೋರಿಸಿಕೊಡುತ್ತದೆ. ರಾಗದ ಹೆಸರು ಬರೆದಿಟ್ಟರೆ ಇನ್ನೂ ಸೊಗಸು: ಬೆಳಗಿಗೆ ಭೈರವ, ಲಲತ, ಸಂಜೆಗೆ ಮಾರವಾ, ಪೂರಿಯಾ ಎಂದು ಪಟ್ಟಿಗಳನ್ನು ಒಮ್ಮೆ ಕಟ್ಟಿಟ್ಟರೆ, ಹೊಸದಾಗಿ ಸೇರಿದ ಹಾಡು ತಾನಾಗಿಯೇ ತನ್ನ ಸಾಲಿಗೆ ಹೋಗಿ ನಿಲ್ಲುತ್ತದೆ. ಒಂದೇ ರಾಗವನ್ನು ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಹೇಗೆ ಹೇಗೆ ಹಾಡಿದ್ದಾರೆಂದು ಒಂದರ ಹಿಂದೊಂದು ಕೇಳಬಹುದು. ಕ್ಯಾಸೆಟ್ಟಿನ ಕಾಲದಲ್ಲಿ ಈ ಸುಖಕ್ಕೆ ಅರ್ಧ ದಿನ ಸುರುಳಿ ತಿರುವಬೇಕಾಗಿತ್ತು.

ಕೆಲವು ಪ್ರಚಲಿತ ಸಾಫ್ಟ್‌ವೇರುಗಳು

ಎಲ್ಲರೂ ಹೆಸರು ಕೇಳಿದ್ದು ಐಟ್ಯೂನ್ಸ್. ಆಪಲ್ ಕಂಪೆನಿಯವರು 2001ರ ಜನವರಿಯಲ್ಲಿ ಇದನ್ನು ಹೊರತಂದರು. 2003ರಲ್ಲಿ ವಿಂಡೋಸಿಗೂ ಬಂತು. 2019ರಲ್ಲಿ ಮ್ಯಾಕ್ ಯಂತ್ರಗಳಲ್ಲಿ ಇದನ್ನು ಒಡೆದು ಸಂಗೀತ, ಟಿ.ವಿ., ಪಾಡ್‌ಕಾಸ್ಟುಗಳಿಗೆ ಬೇರೆ ಬೇರೆ ಮನೆ ಮಾಡಿದರು. ಅಚ್ಚುಕಟ್ಟು ಇದರ ಗುಣ. ಅದೇ ಕಂಪೆನಿಯ ಫೋನಿದ್ದವರಿಗೆ ಅನುಕೂಲ. ದೋಷಗಳೂ ಇವೆ. ಫ್ಲಾಕ್ ಎಂಬ ರೂಪವನ್ನು ಇದು ಒಳಗೆ ಸೇರಿಸುವುದಿಲ್ಲ. ಧ್ವನಿಯನ್ನು ಒಂದಿಷ್ಟೂ ಕಳೆಯದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುವ ಈ ರೂಪ 2001ರಿಂದ ಬಳಕೆಯಲ್ಲಿದೆ. ಶಾಸ್ತ್ರೀಯ ಸಂಗೀತ ಕೂಡಿಡುವವರಿಗೆ ಇದು ಅಚ್ಚುಮೆಚ್ಚು. ಇನ್ನೊಂದು, ನೀವು ಹಾಡಿಗೆ ಕೊಟ್ಟ ನಕ್ಷತ್ರಗಳು, ಎಷ್ಟು ಸಲ ಕೇಳಿದಿರಿ ಎಂಬ ಲೆಕ್ಕ, ಇವೆಲ್ಲ ಅದರ ಸ್ವಂತ ದಫ್ತರಿನಲ್ಲಿರುತ್ತವೆಯೇ ಹೊರತು ಫೈಲಿನಲ್ಲಲ್ಲ.

ವಿಂಡೋಸ್ ಉಳ್ಳವರಿಗೆ ಮ್ಯೂಸಿಕ್‌ಬೀ ಉಚಿತವಾಗಿ ದೊರೆಯುತ್ತದೆ. ಫ್ಲಾಕ್ ಮೊದಲಾದ ಎಲ್ಲ ರೂಪಗಳನ್ನೂ ನುಡಿಸುತ್ತದೆ. ರಾಗ, ತಾಳ, ಅಂಕಿತ ಎಂದು ನಮಗೆ ಬೇಕಾದ ಖಾನೆಗಳನ್ನು ಹಾಕಿಕೊಳ್ಳಬಹುದು. ಹೊಸ ಹಾಡುಗಳನ್ನು ನೇರವಾಗಿ ಸಂಗ್ರಹಕ್ಕೆ ಬಿಡದೆ, ನಾವು ನೋಡಿ ಒಪ್ಪುವ ತನಕ ಕಾಯಿಸುವ ಒಂದು ಆವಕ ಪೆಟ್ಟಿಗೆಯೂ ಇದರಲ್ಲುಂಟು. ಕಚೇರಿಯವರಾದ ನಮಗೆ ಇದು ಬಹಳ ಹಿಡಿಸಿತು. ಆದರೆ ಗುಂಡಿಗಳು ಬಹಳ. ಮೊದಲ ವಾರ ತಲೆ ತಿರುಗುತ್ತದೆ. ವಿಂಡೋಸ್ ಬಿಟ್ಟು ಬೇರೆ ಕಡೆಗೆ ಮಾಡಿದ್ದೂ ಅಲ್ಲ.

ಫೂಬಾರ್2000 ಎಂಬುದು 2002ರಲ್ಲಿ ಬಂದದ್ದು. ಹಳೆಯ ಕಂಪ್ಯೂಟರಿನಲ್ಲಿಯೂ ಹಗುರವಾಗಿ ಓಡುತ್ತದೆ. ಒಳಚೀಟಿಯಲ್ಲಿ ನಾವು ಯಾವ ಹೆಸರಿನ ಖಾನೆ ಬರೆದರೂ ಒಪ್ಪಿಕೊಳ್ಳುತ್ತದೆ. ನೋಡುವುದಕ್ಕೆ ಮಾತ್ರ ಬಿಳಿ ಸುಣ್ಣದ ಗೋಡೆ. ಸಿಂಗಾರ ಬೇಕಾದವರು ತಾವೇ ಮಾಡಿಕೊಳ್ಳಬೇಕು. ಮೀಡಿಯಾಮಂಕಿ ಲಕ್ಷದ ಲೆಕ್ಕದಲ್ಲಿ ಹಾಡುಳ್ಳವರಿಗೆ ತಕ್ಕದ್ದು. ಆದರೆ ಅದರ ಕೆಲವು ಸೌಕರ್ಯಗಳಿಗೆ ಹಣ ತೆರಬೇಕು. ಲಿನಕ್ಸ್ ಬಳಸುವವರಿಗೆ ರಿದಮ್‌ಬಾಕ್ಸ್, ಸ್ಟ್ರಾಬೆರಿ ಇವೆ. ಎಲ್ಲರಿಗಿಂತ ಶ್ರೀಮಂತನೆಂದರೆ ರೂನ್. 2015ರಲ್ಲಿ ಬಂದ ಇದನ್ನು 2023ರಲ್ಲಿ ಹಾರ್ಮನ್ ಕಂಪೆನಿ ಕೊಂಡುಕೊಂಡಿತು. ಸಂಗೀತಗಾರರ ಚರಿತ್ರೆ, ಪರಸ್ಪರ ಸಂಬಂಧ ಎಲ್ಲವನ್ನೂ ಪುಸ್ತಕದಂತೆ ತೆರೆದು ತೋರಿಸುತ್ತದೆ. ಚಂದಾ ಮಾತ್ರ ನಮ್ಮಂಥವರ ಸಂಬಳಕ್ಕೆ ಭಾರ. ಇದರ ಒಂದು ನಡತೆ ಗಮನಿಸತಕ್ಕದ್ದು. ಇದು ನಮ್ಮ ಫೈಲುಗಳನ್ನು ಮುಟ್ಟುವುದೇ ಇಲ್ಲ; ತಿದ್ದುಪಡಿಗಳನ್ನೆಲ್ಲ ತನ್ನ ದಫ್ತರಿನಲ್ಲಿಯೇ ಬರೆದುಕೊಳ್ಳುತ್ತದೆ. ಫೈಲು ಕೆಡುವ ಭಯವಿಲ್ಲ, ಇದು ಗುಣ. ಆದರೆ ನಾಳೆ ನಾವು ಚಂದಾ ನಿಲ್ಲಿಸಿ ಹೊರಬಂದರೆ, ವರ್ಷಗಟ್ಟಲೆ ಕೂತು ತಿದ್ದಿದ ಕೆಲಸವೆಲ್ಲ ಅಲ್ಲೇ ಉಳಿಯುತ್ತದೆ, ಇದು ದೋಷ.

ಒಳಚೀಟಿ ತುಂಬಿಸುವುದಕ್ಕೆಂದೇ ಇರುವ ಇನ್ನೊಂದು ಸಾಧನ ಪಿಕಾರ್ಡ್. ಹಾಡಿನ ಧ್ವನಿಯಿಂದಲೇ ಒಂದು ಹೆಬ್ಬೆಟ್ಟಿನ ಗುರುತು ತೆಗೆದು, ಮ್ಯೂಸಿಕ್‌ಬ್ರೇನ್ಸ್ ಎಂಬ ಸಾರ್ವಜನಿಕ ಪಟ್ಟಿಯೊಡನೆ ತಾಳೆ ನೋಡಿ, ಇದು ಇಂಥ ಹಾಡು ಎಂದು ಹೇಳುತ್ತದೆ. ಪಟ್ಟಿಯಲ್ಲಿ ಇದ್ದ ಹಾಡಿಗೆ ಇದು ಪವಾಡವೇ ಸರಿ. ಇಲ್ಲದ ಹಾಡಿಗೆ ಏನೂ ಮಾಡಲಾರದು. ಪಟ್ಟಿಯಲ್ಲಿ ಯಾರಾದರೂ ಬರೆದಿದ್ದರೆ ತಾನೇ ಹೇಳುವುದು?

ಇಷ್ಟೆಲ್ಲ ಏತಕ್ಕೆ, ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಸಿಗುತ್ತದಲ್ಲ ಎಂದು ಕಿರಿಯರು ಕೇಳಬಹುದು. ಸಿನಿಮಾ ಹಾಡಿನ ಮಟ್ಟಿಗೆ ಅದು ನಿಜ. ಆದರೆ ಅಲ್ಲಿ ನಾವು ಬಾಡಿಗೆಯವರು. ಗೂಗಲ್ ಪ್ಲೇ ಮ್ಯೂಸಿಕ್ ಎಂಬ ಸೇವೆಯಲ್ಲಿ ಜನರು ತಮ್ಮ ಸ್ವಂತದ 50,000 ಹಾಡುಗಳ ತನಕ ಇಡಬಹುದಾಗಿತ್ತು. 2020ರ ಕೊನೆಗೆ ಅದು ಮುಚ್ಚಿತು. ಇನ್ನೊಂದು ಸೇವೆಗೆ ಸಾಗಿಸಿಕೊಳ್ಳಲು ಅವಕಾಶವನ್ನೇನೋ ಕೊಟ್ಟಿದ್ದರು; ಗಡುವು ಮೀರಿದ ಮೇಲೆ ಅಲ್ಲಿದ್ದುದು ಅಳಿಸಿಹೋಯಿತು.

ನಮ್ಮ ಹಾಡಿಗೆ ಹೊಂದದ ಖಾನೆಗಳು

ಈ ಸಾಫ್ಟ್‌ವೇರುಗಳೆಲ್ಲಕ್ಕೂ ಸಾಮಾನ್ಯವಾದ ಒಂದು ಕೊರತೆ ಉಂಟು. ಅವುಗಳ ಖಾನೆಗಳು ಪಾಶ್ಚಾತ್ಯರ ಜನಪ್ರಿಯ ಸಂಗೀತವನ್ನು ಕಣ್ಣೆದುರಿಗಿಟ್ಟುಕೊಂಡು ಮಾಡಿದವು. ಒಬ್ಬ ಹಾಡುಗಾರ, ಅವನದೊಂದು ಆಲ್ಬಮ್ಮು, ಅದರಲ್ಲಿ ಹತ್ತು ಹಾಡು. ನಮ್ಮಲ್ಲಿ ಹಾಗಲ್ಲ. ಶಿಶುನಾಳ ಶರೀಫರ ಪದವನ್ನು ಸಿ. ಅಶ್ವಥ್ ಅವರು ಹಾಡಿದರೆ ಬರೆದವರು ಒಬ್ಬರು, ರಾಗ ಹಾಕಿ ಹಾಡಿದವರು ಇನ್ನೊಬ್ಬರು. ಕಂಪೋಸರ್ ಎಂಬ ಖಾನೆಯಲ್ಲಿ ಯಾರನ್ನು ಕೂರಿಸಬೇಕು? ಸಾಹಿತ್ಯ ಬರೆದವರಿಗೆ ಬೇರೆ ಖಾನೆ ಇದೆಯಾದರೂ ಅನೇಕ ಸಾಫ್ಟ್‌ವೇರುಗಳು ಅದನ್ನು ಎದುರಿಗೆ ತೋರಿಸುವುದಿಲ್ಲ. ದಾಸರ ಪದಗಳ ಅವಸ್ಥೆಯೂ ಇದೇ.

ಇನ್ನು ಹೆಸರುಗಳ ಗೋಜಲು. ಮನ್ಸೂರರ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು 'ಯು' ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು 'ಓ' ಹಾಕುತ್ತಾರೆ, ಮತ್ತೊಬ್ಬರು ಹಿಂದೆ ಪಂಡಿತ ಎಂದು ಸೇರಿಸುತ್ತಾರೆ. ನಮ್ಮ ಸಂಗ್ರಹದಲ್ಲಿ ಹೀಗೆ ಮೂವರು ಮನ್ಸೂರರು ಬಹಳ ದಿನ ಒಬ್ಬರಿಗೊಬ್ಬರು ಪರಿಚಯವಿಲ್ಲದಂತೆ ಇದ್ದರು. ಪಂಡಿತರೆಲ್ಲ 'ಪಿ' ಅಕ್ಷರದಲ್ಲಿ, ಉಸ್ತಾದರೆಲ್ಲ 'ಯು' ಅಕ್ಷರದಲ್ಲಿ ಗುಂಪುಗೂಡಿದ್ದರು. ಇದಕ್ಕೆ ಮದ್ದು ಒಂದೇ. ಹೆಸರನ್ನು ಒಂದೇ ಬಗೆಯಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ ಬರೆಯುವುದು, ಬಿರುದುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು.

ನಾವು ತಿಂದ ಪೆಟ್ಟು

ಈಗ ನಮ್ಮ ಕಥೆ. ತಂದೆಯವರ ಕ್ಯಾಸೆಟ್ಟುಗಳಲ್ಲಿ ಹನ್ನೊಂದು ಅಂಗಡಿಯಲ್ಲಿ ಕೊಂಡವಲ್ಲ. ಧಾರವಾಡದಲ್ಲಿ, ಬಾಗಲಕೋಟೆಯಲ್ಲಿ ನೆಂಟರಿಷ್ಟರ ಮದುವೆ ಮುಂಜಿಗಳಿಗೆ ಹೋದಾಗ ಅವರು ಟೇಪ್ ರೆಕಾರ್ಡರು ಹೊತ್ತುಕೊಂಡು ಹೋಗಿ ಹೆಂಗಸರ ಹಾಡು ತುಂಬಿಕೊಂಡು ಬರುತ್ತಿದ್ದರು. ಉರುಟಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಪದ, ಬೀಸುವ ಪದ. ಅವುಗಳಲ್ಲಿ ನಮ್ಮ ಅಜ್ಜಿಯ ದನಿಯೂ ಇತ್ತು. ಡೊಂಬಿವಲಿಯ ಮಳೆಗಾಲಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹತ್ತತೊಡಗಿತು. ತಂದೆಯವರು ತೀರಿಕೊಂಡ ಮರುವರ್ಷ ನಾವು ಪಟ್ಟುಹಿಡಿದು ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆವು. ಒಟ್ಟು 74 ಹಾಡುಗಳಾದವು. ಕ್ಯಾಸೆಟ್ಟಿನ ಬೆನ್ನ ಮೇಲೆ, ಒಳಗಣ ಕಾಗದದ ಮೇಲೆ ಅವರು ಬರೆದಿದ್ದ ವಿವರವನ್ನೇ ನೋಡಿ, ಹಾಡಿದವರು, ಊರು, ವರ್ಷ, ಯಾರ ಮದುವೆ ಎಂದು ಒಂದೊಂದು ಫೈಲಿಗೂ ಹೆಸರಿಟ್ಟೆವು. ದೀಪಾವಳಿಗೆ ಮನೆಗೆ ಬಣ್ಣ ಹಚ್ಚಿಸುವಾಗ ಮನೆಯವಳು, "ಈ ಕ್ಯಾಸೆಟ್ ಇಡ್ಲೇನ್ರಿ, ಕೊಟ್ಟುಬಿಡ್ಲೇನು?" ಎಂದು ಕೇಳಿದಳು. ಎಲ್ಲವೂ ಕಂಪ್ಯೂಟರಿಗೆ ಬಂದಿದೆಯಲ್ಲ ಎಂಬ ಜಂಬದಿಂದ ನಾವೇ ರದ್ದಿಯವನಿಗೆ ಎತ್ತಿ ಕೊಟ್ಟೆವು.

ಒಂದು ತಿಂಗಳ ಮೇಲೆ ಹೊಸ ಸಾಫ್ಟ್‌ವೇರು ಒಂದನ್ನು ಹಾಕಿಕೊಂಡೆವು. ಹೆಸರು ಬೇಡ, ತಪ್ಪು ಅದರದಕ್ಕಿಂತ ನಮ್ಮದೇ ಹೆಚ್ಚು. ನಿಮ್ಮ ಫೈಲುಗಳನ್ನು ಒಳಚೀಟಿಯ ಪ್ರಕಾರ ಅಚ್ಚುಕಟ್ಟಾಗಿ ಜೋಡಿಸಿ ಹೊಸ ಹೆಸರು ಕೊಡಲೇ ಎಂದು ಅದು ವಿನಯದಿಂದ ಕೇಳಿತು. ಆಗಲಿ ಎಂದೆವು. ನಾವು ಮರೆತದ್ದು ಇಷ್ಟು: ವಿವರವನ್ನೆಲ್ಲ ಬರೆದದ್ದು ಫೈಲಿನ ಹೊರಹೆಸರಿನಲ್ಲಿ. ಒಳಚೀಟಿಯಲ್ಲಿ, ಕ್ಯಾಸೆಟ್ಟಿನ ಧ್ವನಿಯನ್ನು ತುಂಡು ಮಾಡಿದ ಸಾಧನ ತಾನೇ 'ಟ್ರ್ಯಾಕ್ 01', 'ಟ್ರ್ಯಾಕ್ 02' ಎಂದು ಗೀಚಿಟ್ಟಿತ್ತು. ಹತ್ತು ನಿಮಿಷದೊಳಗೆ 74 ಹಾಡುಗಳೂ ಅಜ್ಞಾತ ಗಾಯಕರ ಫೋಲ್ಡರಿನಲ್ಲಿ ಬರಿಯ ಅಂಕಿಗಳಾಗಿ ನಿಂತವು. ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಕಾಗದಗಳು ರದ್ದಿಗೆ ಹೋಗಿದ್ದವು. ಹಾಡುಗಳೆಲ್ಲ ಇದ್ದವು, ಹಾಡಿದವರು ಯಾರೆಂಬುದು ಹೋಗಿತ್ತು.

ಧಾರವಾಡದಲ್ಲಿ ನಮ್ಮ ಸೋದರತ್ತೆ ಇದ್ದಾರೆ, ಎಂಬತ್ತನಾಲ್ಕು ವರ್ಷ. ಎರಡು ತಿಂಗಳ ಕಾಲ ಸಂಜೆ ಕಚೇರಿಯಿಂದ ಬಂದ ಮೇಲೆ ಫೋನಿನಲ್ಲಿ ಮೂರು ನಾಲ್ಕು ಹಾಡು ಅವರಿಗೆ ಕೇಳಿಸುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ಒಂದು ಹಾಡಿಗೆ ನಾವು ಅಜ್ಜಿಯದೆಂದು ಬರೆಯಹೊರಟಾಗ ತಡೆದರು: "ಅದು ನಮ್ಮವ್ವನ ದನಿ ಅಲ್ಲೋ, ಗೋದಕ್ಕಂದು. ಅವ್ವ ಸಾಲು ಮುಗಿಸೂ ಮುಂದ ಒಂದೀಟು ಉಸುರು ಹಿಡೀತಿದ್ಲು. ಈಕಿ ಹಿಡಿಯೂದಿಲ್ಲ ನೋಡು." ಯಾವ ಹೆಬ್ಬೆಟ್ಟಿನ ಗುರುತಿನ ಯಂತ್ರವೂ ಇದನ್ನು ಹೇಳಲಾರದು. ಹೀಗೆ 52 ಹಾಡುಗಳಿಗೆ ಹೆಸರು ಮರಳಿ ಬಂದವು. ಹಲವಕ್ಕೆ ತಂದೆಯವರು ಬರೆದಿದ್ದುದಕ್ಕಿಂತ ಹೆಚ್ಚಿನ ವಿವರವೇ ಸಿಕ್ಕಿತು.

ಉಳಿದ 22 ಹಾಡು ಕೇಳಿ ಅತ್ತೆ, "ಇವು ನಿಮ್ಮವ್ವನ ತವರಿನಾವು. ನನಗೇನು ಗೊತ್ತಪಾ" ಎಂದುಬಿಟ್ಟರು. ತಾಯಿಯ ತವರು ಬಾಗಲಕೋಟೆ. ತಾಯಿ ತಂದೆಗಿಂತ ಮೊದಲೇ ಹೋದವರು. ಹಳೆಯ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿ ಮುಳುಗಿತು. ಅಲ್ಲಿಯ ಜನ ನವನಗರಕ್ಕೆ, ಬೇರೆ ಬೇರೆ ಊರುಗಳಿಗೆ ಹೋದರು. ಆ ಓಣಿಯ ಹೆಂಗಸರ ದನಿಯನ್ನು ಗುರುತಿಸುವವರು ಈಗ ಎಲ್ಲಿದ್ದಾರೋ ನಮಗೆ ತಿಳಿಯದು.

ಹೊಸಬರಿಗೆ ನಾಲ್ಕು ಮಾತು

ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇವೆ. ಯಾವ ಸಾಫ್ಟ್‌ವೇರು ಹಾಕಿಕೊಳ್ಳುವುದಕ್ಕೂ ಮೊದಲು ಸಂಗ್ರಹದ ಇನ್ನೊಂದು ಪ್ರತಿ ತೆಗೆದು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಬೇಕು. ಫೈಲುಗಳನ್ನು ತಾನೇ ಜೋಡಿಸುತ್ತೇನೆ, ತಾನೇ ಹೆಸರಿಡುತ್ತೇನೆ ಎನ್ನುವ ಆಯ್ಕೆಗಳನ್ನು ಮೊದಲ ದಿನವೇ ತೆಗೆದುಹಾಕಬೇಕು. ಹತ್ತು ಹಾಡಿನ ಮೇಲೆ ಪರೀಕ್ಷೆ ಮಾಡಿ ನೋಡಿದ ಮೇಲೆಯೇ ಸಾವಿರಕ್ಕೆ ಕೈ ಹಾಕಬೇಕು. ಮುಖ್ಯವಾದ ವಿವರವನ್ನೆಲ್ಲ ಒಳಚೀಟಿಯಲ್ಲಿ ಬರೆಯಬೇಕು. ರಾಗ, ಕವಿ, ಸಂದರ್ಭಗಳಿಗೆ ಬೇರೆ ಖಾನೆ ಇಲ್ಲದಿದ್ದರೆ ಷರಾದಲ್ಲಿ ಬರೆದರೂ ಸಾಕು. ಸಾಫ್ಟ್‌ವೇರುಗಳು ಬರುತ್ತವೆ, ಮಾರಾಟವಾಗುತ್ತವೆ, ಮುಚ್ಚುತ್ತವೆ. ಒಳಚೀಟಿ ಹಾಡಿನ ಸಂಗಡವೇ ಹೋಗುತ್ತದೆ.

ಆದುದರಿಂದ ಯಾವುದು ಒಳ್ಳೆಯದೆಂದು ಕೇಳಿದರೆ ನಮ್ಮ ಉತ್ತರ ಇದು: ಬಿಟ್ಟುಹೋಗುವಾಗ ನಮ್ಮ ಬರವಣಿಗೆಯನ್ನು ನಮ್ಮ ಕೈಗೇ ಕೊಟ್ಟು ಕಳಿಸುವುದು ಒಳ್ಳೆಯದು. ಈ ದೃಷ್ಟಿಯಿಂದ ನಾವು ಈಗ ಮ್ಯೂಸಿಕ್‌ಬೀಯನ್ನು ಇಟ್ಟುಕೊಂಡಿದ್ದೇವೆ. ಫೂಬಾರ್ ಮೆಚ್ಚುವವರೊಡನೆ ನಮಗೆ ಜಗಳವಿಲ್ಲ.

ಎಲ್ಲಕ್ಕಿಂತ ಮೊದಲ ಕೆಲಸಕ್ಕೆ ಕಂಪ್ಯೂಟರೇ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಮನೆಯ ಹಿರಿಯರ ಬಳಿ ಒಂದು ಗಂಟೆ. ನಮ್ಮ ಸಂಘದ ಕಪಾಟಿನಲ್ಲಿಯೂ ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್ಟುಗಳಿವೆ. ಅವನ್ನು ಕಂಪ್ಯೂಟರಿಗೆ ಇಳಿಸುವ ಮಾತು ನಡೆದಿದೆ. ಇಳಿಸುವ ಮೊದಲು ಹಿರಿಯ ಸದಸ್ಯರನ್ನು ಕೂರಿಸಿಕೊಂಡು, ಹಾಡಿದವರು ಯಾರು, ತಬಲಾ ಯಾರದು, ಯಾವ ವರ್ಷದ ನಾಡಹಬ್ಬ ಎಂದು ಬರೆದಿಟ್ಟುಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ವಿನಂತಿ. ಕ್ಯಾಸೆಟ್ಟಿನ ಕಾಗದಗಳನ್ನು ರದ್ದಿಗೆ ಕೊಡಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ಸ್ವಂತದ ಒಂದು ಕೋರಿಕೆ. ಆ 22 ಹಾಡುಗಳ ಒಳಚೀಟಿಯಲ್ಲಿ ನಾವು ಸದ್ಯಕ್ಕೆ "ಬಾಗಲಕೋಟೆ, ಹಾಡಿದವರು ಗೊತ್ತಾಗಬೇಕು" ಎಂದು ಷರಾ ಬರೆದಿದ್ದೇವೆ. ಹಳೆಯ ಬಾಗಲಕೋಟೆಯಲ್ಲಿ ಬಾಳಿದ ತಾಯಂದಿರು, ಅಜ್ಜಿಯರು ಸದಸ್ಯರ ಮನೆಗಳಲ್ಲಿ ಯಾರಾದರೂ ಇದ್ದರೆ ದಯಮಾಡಿ ಸಂಘದ ಕಚೇರಿಗೆ ತಿಳಿಸಬೇಕು. ಅವರನ್ನು ಇಲ್ಲಿಯ ತನಕ ದಣಿಸುವುದಿಲ್ಲ. ಭಾನುವಾರ ನಾವೇ ಹಾಡುಗಳನ್ನು ತೆಗೆದುಕೊಂಡು ಅವರಿದ್ದಲ್ಲಿಗೆ ಬರುತ್ತೇವೆ.